ಪಾಸ್ಟರ್ ಚಿನ್ನಪ್ಪನವರ ಎಡಗಿವಿ

ಇಟ್ಟಮಡುವಿನ ಚರಿತ್ರೆಯನ್ನು ಇದುವರೆಗೆ ಯಾರೂ ಬರೆದಿಲ್ಲ. ಬರೆಯುವ ಪುಣ್ಯಾತ್ಮ ಮುಂದೆಂದಾದರೂ ಹುಟ್ಟಿದರೆ, ಅವನು ಒಂದು ಇಡೀ ಅಧ್ಯಾಯವನ್ನು ಪಾಸ್ಟರ್ ಚಿನ್ನಪ್ಪನವರ ಎಡಗಿವಿಗೆ ಮೀಸಲಿಡಬೇಕಾಗುತ್ತದೆ. ಬಲಗಿವಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳಲು ಅದು ಒದಗುತ್ತಿತ್ತು, ಅಷ್ಟೆ. ಎಡಗಿವಿಯ ಮಹಿಮೆಯೇ ಬೇರೆ.

ಪ್ರಾರ್ಥನೆ ಕಾವೇರಿರುತ್ತಿತ್ತು. ಕೀಬೋರ್ಡು ಮೊರೆಯುತ್ತಿತ್ತು, ಹಾಲ್ ತುಂಬ ಜನ ಕೈಯೆತ್ತಿ ಸ್ತೋತ್ರ ಸ್ತೋತ್ರ ಎನ್ನುತ್ತಿದ್ದರು. ಆಗ ಇದ್ದಕ್ಕಿದ್ದಂತೆ ಪಾಸ್ಟರು ಬಲಗೈ ಮೇಲೆತ್ತುತ್ತಿದ್ದರು. ಕೀಬೋರ್ಡು ಗಪ್ಪನೆ ನಿಲ್ಲುತ್ತಿತ್ತು. ಅವರ ಕಣ್ಣು ಮುಚ್ಚುತ್ತಿತ್ತು, ಕತ್ತು ವಾಲುತ್ತಿತ್ತು, ಎಡಗಿವಿ ಮೆಲ್ಲನೆ ಕಿಟಕಿಯ ಕಡೆಗೆ ತಿರುಗುತ್ತಿತ್ತು. ಆಮೇಲೆ ಮೌನ. ಬೆಂಗಳೂರಿನ ಉಳಿದ ಪೆಂಟೆಕೋಸ್ಟ್ ಸಭೆಗಳಲ್ಲಿ ಪವಿತ್ರಾತ್ಮ ಇಳಿದು ಬರುವುದು ಗದ್ದಲದಲ್ಲಿ. ಚಿನ್ನಪ್ಪನವರಲ್ಲಿ ಮಾತ್ರ ಮೌನದಲ್ಲಿ.

ಆ ಮೌನಕ್ಕೆ ಹೆದರಿ ಎದುರುಮನೆಯ ಕುಕ್ಕರು ಸೀಟಿಯನ್ನು ಬಾಯೊಳಗೇ ಹಿಡಿದುಕೊಳ್ಳುತ್ತಿತ್ತೆಂದು ನಂಬುವವರಿದ್ದರು. ಬನಶಂಕರಿ ಕಡೆಯಿಂದ ಏದುತ್ತ ಬರುವ ಬಸ್ಸು ಆ ಹೊತ್ತಿನಲ್ಲಿ ತಿರುವಿನಲ್ಲಿ ಹಾರನ್ ಹೊಡೆಯದೆ ಹೋಗುತ್ತಿತ್ತಂತೆ. ಕುಮಾರಸ್ವಾಮಿ ಲೇಔಟಿನ ಒಬ್ಬ ಹೆಂಗಸು ಕಿವಿಯ ಸುತ್ತ ಕೆಂಪು ಬೆಳಕನ್ನು ಕಂಡಿದ್ದರು. ಕಿವಿಯ ಹಿಂದೆ ಕಿಟಕಿ, ಕಿಟಕಿಯಾಚೆ ಸೂರ್ಯ ಇದ್ದದ್ದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪದ್ಮನಾಭನಗರದ ಟ್ಯೂಷನ್ ಮೇಷ್ಟರೊಬ್ಬರು ಕಿವಿ ತಾನಾಗಿ ಅಲ್ಲಾಡಿದ್ದನ್ನು ಕಣ್ಣಾರೆ ನೋಡಿದ್ದಾಗಿ ಆಣೆ ಮಾಡಲು ಸಿದ್ಧರಿದ್ದರು. ಆಣೆ ಇಡಲೇಬಾರದೆಂದು ಸತ್ಯವೇದದಲ್ಲಿದೆ ಎಂದು ಯಾರೋ ನೆನಪಿಸಿದ ಮೇಲೆ ಸುಮ್ಮನಾದರು.

ಮೌನ ಮುಗಿಯುವ ಹೊತ್ತಿಗೆ ಪಾಸ್ಟರ ಎಡಗೈ ಬೆನ್ನ ಹಿಂದಿನ ನೀಲಿ ಪರದೆಯ ಸಂದಿಯಲ್ಲಿ ಮಾಯವಾಗುತ್ತಿತ್ತು. ಮರುಕ್ಷಣ ಭೂಮಿಯ ಆಳದಿಂದ ಗುಂಯ್ ಎಂಬ ನಾದ ಏಳುತ್ತಿತ್ತು. ಕೆಂಪು ಗಾರೆಯ ನೆಲ ಸಣ್ಣಗೆ ನಡುಗುತ್ತಿತ್ತು. ಬರಿಗಾಲಲ್ಲಿ ನಿಂತವರ ಅಂಗಾಲಿನಿಂದ ಜುಮ್ಮೆಂದು ಏನೋ ಹತ್ತಿ ಮಂಡಿ ದಾಟಿ ಸೊಂಟಕ್ಕೆ ಬರುತ್ತಿತ್ತು. ಪಾಸ್ಟರ ಮುಖದಲ್ಲಿ ಆಗ ಮೂಡುತ್ತಿದ್ದ ಆನಂದವನ್ನು ನೋಡಿಯೇ ಅರ್ಧ ಜನರ ತಲೆನೋವು ಇಳಿದುಬಿಡುತ್ತಿತ್ತು.

ಆ ಕಿವಿ ಕಾಯುತ್ತಿದ್ದದ್ದು ಯಾವುದಕ್ಕೆ ಎನ್ನುವುದು ಪಾಸ್ಟರಿಗೆ, ಅವರ ಹೆಂಡತಿ ಸಲೋಮಿಯವರಿಗೆ ಮತ್ತು ಮನೆಯ ಓನರ್ ದಂಪತಿಗೆ ಮಾತ್ರ ಗೊತ್ತಿತ್ತು. ಅದು ಕಾಯುತ್ತಿದ್ದದ್ದು ಕಾವೇರಿ ನೀರಿಗೆ.

ಚಿನ್ನಪ್ಪನವರು ಹುಟ್ಟಿದ ದಿನ ಆಕಾಶದಲ್ಲಿ ಹೆಚ್ಚುವರಿ ನಕ್ಷತ್ರವೇನೂ ಕಾಣಿಸಿಕೊಂಡಿರಲಿಲ್ಲ. ತಂದೆ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವ ಬ್ಯಾಂಡ್ ಸೆಟ್ಟಿನವರು. ಜೊತೆಯಲ್ಲಿ ನಡೆಯುತ್ತಿದ್ದ ಮಗನ ಬಲಕ್ಕೆ ಯಾವಾಗಲೂ ಡ್ರಮ್ಮಿನವನು ಇರುತ್ತಿದ್ದುದರಿಂದ ಬಲಗಿವಿ ಚಿಕ್ಕಂದಿನಲ್ಲೇ ಅರ್ಧ ರಾಜೀನಾಮೆ ಕೊಟ್ಟಿತು. ಇಡೀ ಸಂಸಾರದ ಭಾರ ಎಡಗಿವಿಯ ಮೇಲೆ ಬಿತ್ತು. ಅದು ಬೆನ್ನು ತೋರಿಸದೆ ದುಡಿಯಿತು. ದೊಡ್ಡವರಾದ ಮೇಲೆ ಚಿನ್ನಪ್ಪನವರು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಗೆ ಸೇರಿ, ಹಲ್ಲು ಸವೆದ ಚಕ್ರದ ಸದ್ದನ್ನು ಕೇಳುತ್ತ ಆ ಕಿವಿಯನ್ನು ಇನ್ನಷ್ಟು ಚೂಪು ಮಾಡಿಕೊಂಡರು.

ಎಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಕಾಮಾಲೆಯಾಯಿತು. ಔಷಧಿ, ಬೇರು, ಪಥ್ಯ ಎಲ್ಲ ಆದ ಮೇಲೆ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಪ್ರಾರ್ಥನೆಗೆ ಹೋದರು. ಯಾರೋ ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಸುರಿಸಿದರು. ಕಣ್ಣಿನ ಹಳದಿ ಇಳಿಯಿತು. ಇಳಿದದ್ದು ಪ್ರಾರ್ಥನೆಗೋ, ಒಂದು ತಿಂಗಳು ಬೋಂಡ ಬಿಟ್ಟದ್ದಕ್ಕೋ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ಸ್ಕ್ರೂ ಡ್ರೈವರ್ ಕೆಳಗಿಟ್ಟು ಬೈಬಲ್ ಕೈಗೆತ್ತಿಕೊಂಡರು. ತರಬೇತಿ ಮುಗಿಸಿದರು, ರವಿಕೆ ಹೊಲಿಯುತ್ತಿದ್ದ ಸಲೋಮಿಯವರನ್ನು ಮದುವೆಯಾದರು, ಪಾಸ್ಟರಾದರು.

ಆದರೆ ರೋಗಗಳು ಅವರ ಮಾತನ್ನು ಕೇಳುತ್ತಿರಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಒಬ್ಬರ ಹಲ್ಲುನೋವಿಗೆ ಪ್ರಾರ್ಥಿಸಿದರೆ ಮಾರನೆಯ ದಿನ ಆ ಕೆನ್ನೆಯ ಜೊತೆಗೆ ಈ ಕೆನ್ನೆಯೂ ಊದಿತು. ಒಬ್ಬ ವಿಶ್ವಾಸಿಯ ಲೂನಾ ಸ್ಟಾರ್ಟ್ ಆಗುತ್ತಿಲ್ಲವೆಂದು ಅದರ ಸೀಟಿನ ಮೇಲೆ ಕೈಯಿಟ್ಟು ಬೇಡಿಕೊಂಡರು. ಸ್ಟಾರ್ಟ್ ಆಯಿತು. ಸಾರಕ್ಕಿ ತನಕ ನಿಲ್ಲಲೇ ಇಲ್ಲ. ಬ್ರೇಕಿಗೆ ಪ್ರಾರ್ಥಿಸುವುದನ್ನು ಮರೆತಿದ್ದರು. ವಿಶ್ವಾಸಿ ತರಕಾರಿ ಗಾಡಿಯೊಂದರಲ್ಲಿ ಹೂಕೋಸುಗಳ ನಡುವೆ ವಿಶ್ರಮಿಸಿದ ಮೇಲೆ ಬೇರೆ ಸಭೆ ನೋಡಿಕೊಂಡ.

ಇಂಥ ದಿನಗಳಲ್ಲೇ, ತೊಂಬತ್ತರ ದಶಕದ ಮೊದಲಲ್ಲಿ, ಅವರು ಸಭೆಗೆ ಜಾಗ ಹುಡುಕುತ್ತ ಇಟ್ಟಮಡುವಿಗೆ ಬಂದು ಸಂಜೀವಯ್ಯನವರ ಗೇಟು ತೆಗೆದರು. ಪ್ರಾರ್ಥನೆಗೆ ಎಂದ ಕೂಡಲೇ ಎಲ್ಲ ಓನರುಗಳೂ ಸದ್ದು ಜಾಸ್ತಿ ಅಂತ ಬಾಗಿಲು ಹಾಕಿದ್ದರು. ಸಂಜೀವಯ್ಯನವರು ಮೂವತ್ತು ವರ್ಷ ಕಾರ್ಖಾನೆಯ ಪ್ರೆಸ್ ಮೆಷೀನಿನ ಪಕ್ಕ ನಿಂತು ನಿವೃತ್ತರಾದವರು. ಸದ್ದು ಎನ್ನುವುದು ಅವರಿಗೆ ಹಳೆಯ ನೆನಪು ಮಾತ್ರ.

"ದಿನಾ ಮನೇಲೇ ಇರ್ತೀರಾ?" ಎಂದು ಕೂಗಿದರು.

"ಇರ್ತೀನಿ ಸಾರ್. ಕರೆಯೋರು ಅಷ್ಟಾಗಿ ಇಲ್ಲ."

"ಕಿವಿ ಕೇಳಿಸುತ್ತಾ?"

"ಒಂದು ಕೇಳಿಸುತ್ತೆ ಸಾರ್."

"ಒಂದು ಸಾಕು. ನನಗೆ ಎರಡೂ ಇಲ್ಲ. ಬನ್ನಿ ಮೇಲೆ."

ಆ ಮನೆಯ ಸಂಕಟ ಹೀಗಿತ್ತು. ಬೀದಿಗೆ ಕಾವೇರಿ ನೀರು ಬರುತ್ತಿದ್ದದ್ದು ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಯಾವಾಗಲೋ ಒಂದು ಹೊತ್ತು. ಮೊದಲು ಅಂಗಳದ ನಲ್ಲಿಯಲ್ಲಿ ಸುಯ್ ಎಂದು ಗಾಳಿ ಬರುತ್ತಿತ್ತು. ಅದು ಕೇಳಿಸಿದ ಕೂಡಲೇ ಮೋಟರ್ ಹಾಕಬೇಕು. ಆ ಬೀದಿಯಲ್ಲಿ ಎಲ್ಲರೂ ಪೈಪಿಗೇ ಮೋಟರ್ ಕೂರಿಸಿದ್ದರು. ಅದು ತಪ್ಪೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರ ಟ್ಯಾಂಕಿಗೂ ನೀರು ಬೇಕಿತ್ತು. ಮೊದಲು ಹಾಕಿದವರಿಗೆ ನೀರು, ಎರಡನೆಯವರಿಗೆ ಗಾಳಿ. ಎದುರುಮನೆಯ ದಾಸಪ್ಪನವರ ಮೋಟರು ಆನೆಯಂಥದ್ದು. ಅದು ಮೊದಲು ಶುರುವಾದರೆ ಸಂಜೀವಯ್ಯನವರ ಪೈಪು ಬರೀ ನಿಟ್ಟುಸಿರು ಬಿಡುತ್ತಿತ್ತು.

ಮೋಟರು ಕೆಳಗೆ ಮೆಟ್ಟಿಲಿನಡಿಯಲ್ಲಿತ್ತು. ಸ್ವಿಚ್ಚು ಮೇಲೆ ಹಾಲಿನ ಗೋಡೆಯಲ್ಲಿತ್ತು. ಮೊದಲು ಸಂಜೀವಯ್ಯನವರೂ ಅವರ ಹೆಂಡತಿ ಸೀತಾಲಕ್ಷ್ಮಮ್ಮನವರೂ ಮೇಲೆಯೇ ಇದ್ದರು. ಸೀತಾಲಕ್ಷ್ಮಮ್ಮನವರಿಗೆ ಮಂಡಿನೋವು ಬಂದು ಸಂಸಾರ ಕೆಳಕ್ಕೆ ಇಳಿಯಿತು, ಸ್ವಿಚ್ಚು ಇಳಿಯಲಿಲ್ಲ.

"ಏನಾದ್ರೂ ಹಾಡ್ಕೊಳಿ, ಕುಣ್ಕೊಳಿ," ಎಂದರು ಸಂಜೀವಯ್ಯ. "ನೀರು ಬಿಡಬಾರ್ದು. ಟ್ಯಾಂಕ್ ಖಾಲಿಯಾದ ದಿನ ಈ ಹಾಲ್ ಕೂಡ ಖಾಲಿ. ಇದು ನನ್ನ ಮಾತಲ್ಲ, ನಮ್ಮನೆಯೋಳ ಮಾತು. ನನ್ನ ಮಾತಾದ್ರೆ ಬದಲಾಯಿಸ್ಬೋದಿತ್ತು."

ಹೀಗೆ ಹೊಸ ಬೆಳಕು ಪ್ರಾರ್ಥನಾ ಮಂದಿರ ಸ್ಥಾಪನೆಯಾಯಿತು. ಸ್ವಿಚ್ಚು ಕಾಣಬಾರದೆಂದು ಸಲೋಮಿಯವರು ನೀಲಿ ಪರದೆ ಹೊಲಿದು, ಮೇಲೆ ಬಿಳಿ ಅಕ್ಷರದಲ್ಲಿ 'ಭಯಪಡಬೇಡ' ಎಂದು ಬರೆಸಿದರು. ಪರದೆಯ ಪಕ್ಕದ ಮೂಲೆಯಲ್ಲಿ ಮೋಟರಿನಿಂದ ಟ್ಯಾಂಕಿಗೆ ಹೋಗುವ ಕಬ್ಬಿಣದ ಪೈಪು ನೆಲ ಸೀಳಿ ಬಂದು ಸೂರು ಸೀಳಿ ಹೋಗುತ್ತಿತ್ತು. ಮೋಟರು ಶುರುವಾದರೆ ಅದು ಹಾಲಿನ ನೆಲವನ್ನೆಲ್ಲ ಜೊತೆಗೆ ನಡುಗಿಸುತ್ತಿತ್ತು.

ಗುರುವಾರದ ಉಪವಾಸ ಪ್ರಾರ್ಥನೆಯೂ ನೀರಿನ ಹೊತ್ತೂ ಒಂದೇ ಆದದ್ದು ಯಾರ ತಪ್ಪೂ ಅಲ್ಲ. ನಲ್ಲಿಯ ಪಕ್ಕ ಯಾರನ್ನಾದರೂ ನಿಲ್ಲಿಸಿದರಾಯಿತು ಎಂದುಕೊಂಡು ಒಬ್ಬ ಬ್ರದರನ್ನು ನಿಲ್ಲಿಸಿಯೂ ನೋಡಿದರು. ಮೇಲಿನಿಂದ ಹಾಡು ಕೇಳಿ ಆತ ಕೆಳಗೆ ಕಣ್ಣು ಮುಚ್ಚಿ ಕೈಯೆತ್ತಿ ನಿಂತ. ನೀರು ಬಂತು, ದಾಸಪ್ಪನವರ ಮನೆಗೆ ಹೋಯಿತು. ಅಂದು ಸೀತಾಲಕ್ಷ್ಮಮ್ಮನವರು ಮಂಡಿನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿ ಬಂದರು. ಪಾಸ್ಟರ ಪ್ರಾರ್ಥನೆಯಿಂದ ಆಗದೇ ಇದ್ದ ಆ ಅದ್ಭುತ ಸಿಟ್ಟಿನಿಂದ ಆಯಿತು. ಅವರು ಹೆಚ್ಚು ಮಾತಾಡಲಿಲ್ಲ. "ಇದೊಂದು ಸಲ ಪಾಸ್ಟರೇ," ಎಂದು ಇಳಿದು ಹೋದರು.

ಅಂದಿನಿಂದ ಚಿನ್ನಪ್ಪನವರು ಕಾವಲನ್ನು ತಮ್ಮ ಎಡಗಿವಿಗೇ ಒಪ್ಪಿಸಿದರು. ನಡುನಡುವೆ ಪ್ರಾರ್ಥನೆ ನಿಲ್ಲಿಸಿ ಕೇಳಿಸಿಕೊಳ್ಳುವುದು. ಸುಯ್ ಎಂದರೆ ಸ್ವಿಚ್ಚು. ಅಷ್ಟೇ ಅವರ ಮೌನದ ಜನ್ಮವೃತ್ತಾಂತ.

ಮೊದಲ ಅದ್ಭುತ ದಾನಮ್ಮನವರ ಬಿಕ್ಕಳಿಕೆ. ದಾನಮ್ಮ ಗದಗದ ಕಡೆಯವರು, ಬಿಟಿಎಮ್ ಲೇಔಟಿನಲ್ಲಿ ಬಾಡಿಗೆಗಿದ್ದು ಒಂದು ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದರು. ವಾರದಿಂದ ಬಿಕ್ಕಳಿಕೆ ನಿಂತಿರಲಿಲ್ಲ. ಸಕ್ಕರೆ ತಿಂದು, ಉಸಿರು ಹಿಡಿದು, ಬನಶಂಕರಿ ದೇವಿಗೆ ಹರಕೆ ಹೊತ್ತು, ಕೊನೆಗೆ ಯಾರೋ ಹೇಳಿದರೆಂದು ಗುರುವಾರ ಇಲ್ಲಿಗೆ ಬಂದು ಪೈಪಿನ ಪಕ್ಕ ಕೂತಿದ್ದರು. ಪಾಸ್ಟರು ಕೈಯೆತ್ತಿ ಮೌನ ತಂದರು. ಆ ಮೌನದ ನಡುವೆ ದಾನಮ್ಮ "ಹಿಕ್" ಎಂದರು. ಪಾಸ್ಟರಿಗೆ ನಲ್ಲಿ ಕೇಳಿಸಲಿಲ್ಲ. ಮತ್ತೆ ಕತ್ತು ವಾಲಿಸಿದರು. "ಹಿಕ್." ಟ್ಯಾಂಕ್ ಖಾಲಿ, ಹಾಲ್ ಖಾಲಿ ಎಂಬ ಮಾತು ತಲೆಯಲ್ಲಿ ಸುತ್ತುತ್ತಿದ್ದ ಚಿನ್ನಪ್ಪನವರು ಕಣ್ಣು ಕೆಂಪಗೆ ಮಾಡಿ ಆಕೆಯ ಕಡೆಗೆ ಬೆರಳು ತೋರಿಸಿ, ತಮ್ಮ ಜೀವಮಾನದಲ್ಲೇ ಗಟ್ಟಿಯಾದ ದನಿಯಲ್ಲಿ, "ಸುಮ್ನಿರು," ಎಂದರು. ಅದೇ ಗಳಿಗೆಗೆ ನಲ್ಲಿ ಸುಯ್ ಎಂದಿತು, ಸ್ವಿಚ್ಚು ಬಿತ್ತು, ದಾನಮ್ಮನವರ ಕಾಲಡಿಯ ನೆಲ ಗುಡುಗಿತು, ಪಕ್ಕದ ಪೈಪು ಕುಣಿಯಿತು. ಆಕೆ ಗೇಣುದ್ದ ಮೇಲಕ್ಕೆ ಹಾರಿ ಕೂತರು.

ಬಿಕ್ಕಳಿಕೆ ನಿಂತಿತ್ತು.

"ನಿಂತ್ಬಿಡ್ತ್ರಿ ಪಾಸ್ಟರ್ರ," ಎಂದು ದಾನಮ್ಮ ಎದ್ದು ಸಾಕ್ಷಿ ಹೇಳಿದರು. "ಒಂದ್ ಮಾತು, ಸುಮ್ನಿರು ಅಂದ್ರು ನೋಡ್ರಿ. ಒಳಗಿದ್ದದ್ದು ಹೆದರಿ ಓಡಿತು. ಓಡೂಮುಂದ ನೆಲಾ ನಡಗ್ತು."

ಯೇಸುಸ್ವಾಮಿ ಬಿರುಗಾಳಿಗೂ ಇದೇ ಮಾತು ಹೇಳಿದ್ದು ಎಂದು ಹಿಂದಿನ ಸಾಲಿನಿಂದ ಒಬ್ಬರು ಪುಷ್ಟಿ ಒದಗಿಸಿದರು. ಅಲ್ಲಿಗೆ ಚಿನ್ನಪ್ಪನವರ ಕೈಯಿಂದ ಸಂಗತಿ ಜಾರಿತು.

ದಾನಮ್ಮ ಬಿಟಿಎಮ್ಮಿನಿಂದ ಬಸ್ಸು ತುಂಬ ಜನರನ್ನು ಕರೆತರತೊಡಗಿದರು. ವಾರ ಕಳೆದಂತೆ ಅವರ ಸಾಕ್ಷಿ ದಪ್ಪವಾಗುತ್ತ ಹೋಯಿತು. ಗೇಣುದ್ದ ಹಾರಿದ್ದು ಮಾರುದ್ದವಾಯಿತು. ವಾರದ ಬಿಕ್ಕಳಿಕೆ ವರ್ಷದ್ದಾಯಿತು. ಶಕ್ತಿ ಯಾವ ದಿನ ಇಳಿಯುತ್ತದೆ ಎಂಬುದನ್ನೂ ಅವರೇ ಪತ್ತೆ ಹಚ್ಚಿದರು. ಬುಧವಾರ ವಿಶೇಷ ಕೂಟ ಇಟ್ಟರೆ ನೆಲ ಅಲ್ಲಾಡಲಿಲ್ಲ. ಮಂಗಳವಾರ, ಶನಿವಾರ ಇಟ್ಟರೆ ಅಲ್ಲಾಡಿತು. ಭಾನುವಾರದ ಆರಾಧನೆಯಲ್ಲಿ ಮಾತ್ರ ಒಂದು ದಿನವೂ ಇಲ್ಲ.

"ಭಾನುವಾರ ಯಾಕೆ ಬರಲ್ಲ?" ಎಂದು ಟ್ಯೂಷನ್ ಮೇಷ್ಟರು ಕೇಳಿದರು.

"ಅವತ್ತು ಎಲ್ಲಾ ಚರ್ಚ್‌ನಾಗೂ ಕರೀತಾರಲ್ರಿ," ಎಂದರು ದಾನಮ್ಮ. "ದೇವ್ರಿಗೆ ಇಟ್ಟಮಡುವಿಗೆ ಬರಾಕ ಪುರುಸೊತ್ತು ಎಲ್ಲೈತಿ."

ಒಂದು ಬೇಸಿಗೆಯಲ್ಲಿ ಎಲ್ಲೋ ದೊಡ್ಡ ಪೈಪು ಒಡೆದು ಬೀದಿಗೇ ನೀರು ಬರಲಿಲ್ಲ. ಪಾಸ್ಟರು ಕೈಯೆತ್ತಿ, ಕಿವಿ ತಿರುಗಿಸಿ, ಮುಖ ಬಾಡಿಸಿಕೊಂಡು ಕೈಯಿಳಿಸುತ್ತಿದ್ದರು. ಸಭೆಯಲ್ಲಿ ಯಾರದೋ ಪಾಪ ಅಡ್ಡ ಬಂದಿದೆ ಎಂದು ಜನ ತೀರ್ಮಾನಿಸಿದರು. ಒಬ್ಬೊಬ್ಬರೇ ಎದ್ದು ಒಪ್ಪಿಕೊಳ್ಳತೊಡಗಿದರು. ಒಬ್ಬರು ಅತ್ತೆಯ ಕಾಫಿಗೆ ನಿನ್ನೆಯ ಡಿಕಾಕ್ಷನ್ ಹಾಕುತ್ತಿದ್ದರಂತೆ. ಇನ್ನೊಬ್ಬರು ತಮ್ಮನ ಸೈಕಲ್ಲು ಕಳುವಾಯಿತೆಂದು ಹೇಳಿ ಮಾರಿಕೊಂಡಿದ್ದರು. ತಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದ. ಆ ಕೂಟ ಬೇಗ ಮುಗಿಯಿತು. ಪೈಪು ದುರಸ್ತಿಯಾಗಿ ನೆಲ ಮತ್ತೆ ನಡುಗಿದ ದಿನ, ಇಟ್ಟಮಡುವಿನ ಆಸುಪಾಸಿನಲ್ಲಿ ಮುಚ್ಚಿಟ್ಟ ಪಾಪ ಒಂದೂ ಉಳಿದಿರಲಿಲ್ಲ.

ಉಳಿದಿದ್ದದ್ದು ಪಾಸ್ಟರದೊಂದೇ. ಚಿನ್ನಪ್ಪನವರು ಸುಳ್ಳುಗಾರರಲ್ಲ. ಕೈಯಿಟ್ಟು ಪ್ರಾರ್ಥಿಸುವಾಗ ಅವರ ಕಣ್ಣಲ್ಲಿ ಬರುತ್ತಿದ್ದ ನೀರಿಗೆ ಯಾವ ಮೋಟರೂ ಬೇಕಿರಲಿಲ್ಲ. ಅದಕ್ಕೇ ಅವರಿಗೆ ಅನ್ನ ಸೇರದಾಯಿತು. ಒಂದು ಸಂಜೆ ದಾನಮ್ಮನವರನ್ನು ಕೂರಿಸಿಕೊಂಡು ಹೇಳಿಯೇಬಿಡಲು ಹೊರಟರು.

"ಸಿಸ್ಟರ್, ಆ ನೆಲ ನಡುಗೋದು ಇದೆಯಲ್ಲ, ಅದು ಮೇಲಿಂದ ಬರೋದಲ್ಲ. ಕೆಳಗೆ ಮೆಟ್ಟಿಲ ಹತ್ರ ಒಂದು..."

"ಮ್ಯಾಲೂ ಅವನ, ಕೆಳಗೂ ಅವನರಿ," ಎಂದು ದಾನಮ್ಮ ಕಣ್ಣೊರೆಸಿಕೊಂಡರು. "ನೋಡ್ರಿ, ಎಷ್ಟು ತಗ್ಗಿ ನಡೀತೀರಿ. ಇದನ್ನೂ ಸಾಕ್ಷಿಯೊಳಗ ಹೇಳ್ತೀನಿ ತಡೀರಿ."

ಮುಂದಿನ ಗುರುವಾರ ಪಾಸ್ಟರ ದೀನತೆಯ ಕುರಿತು ಉದ್ದನೆಯ ಸಾಕ್ಷಿ ಬಂದಿತು. ಚಿನ್ನಪ್ಪನವರು ಊಟದ ಮುಂದೆ ತಲೆ ಬಗ್ಗಿಸಿ ಕೂತಾಗ ಸಲೋಮಿಯವರು ಕಾಜಾ ಹೊಲಿಯುತ್ತಲೇ ಕೇಳಿದರು: "ಈಗೇನು ನಿಮ್ಮ ಸಂಕಟ?"

"ಮೋಸ ಆಗ್ತಿದೆ ಸಲೋಮಿ."

"ನೀವು ಯಾರಿಗಾದ್ರೂ ದೇವರ ದನಿ ಕೇಳಿಸ್ತು ಅಂತ ಹೇಳಿದೀರಾ?"

"ಇಲ್ಲ."

"ನೆಲ ನಾನು ಅಲ್ಲಾಡಿಸ್ದೆ ಅಂತ?"

"ಇಲ್ಲ. ಆದ್ರೆ ಜನ ಅಂದ್ಕೊಂಡಿದಾರೆ."

"ಬೈಬಲ್‌ನಲ್ಲಿ ಬಿಳಾಮನ ಹತ್ರ ದೇವರು ಕತ್ತೆ ಬಾಯಲ್ಲಿ ಮಾತಾಡಿಸ್ಲಿಲ್ವಾ? ನಮಗೆ ಮೋಟರು. ಇಟ್ಟಮಡುವಿನಲ್ಲಿ ಕತ್ತೆ ಎಲ್ಲಿ ಹುಡುಕ್ತಾರೆ. ಊಟ ಮಾಡಿ."

ಅವರು ಊಟ ಮಾಡಿದರು. ಆದರೆ ಒಂದು ನಿಶ್ಚಯವನ್ನೂ ಮಾಡಿದರು. ತಾವಾಗಿ ಹೇಳಿದರೆ ಜನ ಅದನ್ನು ದೀನತೆ ಮಾಡಿಬಿಡುತ್ತಾರೆ. ಯಾರಾದರೂ ನೇರವಾಗಿ, ಆ ಮೌನದಲ್ಲಿ ಏನು ಕೇಳಿಸಿತು ಎಂದು ಕೇಳಲಿ, ನೇರವಾಗಿ ಹೇಳಿಬಿಡುವುದು. ಹೀಗೆಂದು ಮೊಣಕಾಲೂರಿ ದೇವರಿಗೆ ಮಾತು ಕೊಟ್ಟರು. ಆಮೇಲೆ ವರ್ಷಗಳು ಕಳೆದವು. ಯಾರೂ ಕೇಳಲಿಲ್ಲ. ಭಕ್ತರಿಗೆ ಉತ್ತರ ಮೊದಲೇ ಗೊತ್ತಿತ್ತು.

ಹೊಸ ಶತಮಾನ ಬಂದ ಮರುವರ್ಷ ಈ ಕಿವಿಯ ಕೀರ್ತಿ ಅಪೋಸ್ತಲ ಡಾಕ್ಟರ್ ಪಾಲ್ ಕರೆಪ್ಪನವರ ಕಿವಿಯನ್ನು ಮುಟ್ಟಿತು. ಕರೆಪ್ಪನವರು ಮೈದಾನಗಳಲ್ಲಿ ಶಾಮಿಯಾನ ಹಾಕಿಸಿ ಸಾವಿರಾರು ಜನರನ್ನು ಅಳಿಸುವ ಭಾರಿ ಪ್ರಸಂಗಿ. ಏಪ್ರಿಲ್ ತಿಂಗಳಲ್ಲೂ ಕೋಟು ತೊಡುವವರು. ಅಪೋಸ್ತಲ ಪಟ್ಟ ಯಾರು ಕೊಟ್ಟರು, ಡಾಕ್ಟರ್ ಪಟ್ಟ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂಥ ಮಹಾಪುರುಷರಿಗೂ ಎರಡು ವರ್ಷದಿಂದ ಬಲಭುಜ ಹಿಡಿದುಕೊಂಡು, ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅವರು ಮೊಣಕೈ ಮಡಿಚಿಕೊಂಡೇ ಆಶೀರ್ವಾದ ಮಾಡುತ್ತಿದ್ದರು. ಶಿಷ್ಯರು ಅದನ್ನೇ ಹೊಸ ಸ್ಟೈಲ್ ಎಂದುಕೊಂಡು, ಬೆಂಗಳೂರಿನ ಅರ್ಧ ಯುವಪಾಸ್ಟರುಗಳು ಟ್ರಾಫಿಕ್ ಪೊಲೀಸರಂತೆ ಕೈ ಮಡಿಚುತ್ತಿದ್ದರು.

ಕರೆಪ್ಪನವರು ಗುರುವಾರ ತಾವೇ ಬರುವುದಾಗಿ ಫೋನ್ ಮಾಡಿಸಿದರು. ಮೌನದ ಸೇವೆಯನ್ನು ಕಣ್ಣಾರೆ ನೋಡಬೇಕು, ಸರಿಕಂಡರೆ ಚಿನ್ನಪ್ಪನವರನ್ನು ಮೈದಾನಕ್ಕೆ ಕರೆಸಬೇಕು.

ಅದೇ ಗುರುವಾರ ಕೆಳಗೆ ಸಂಜೀವಯ್ಯನವರ ಮಗಳ ಸೀಮಂತ. ಬೆಳಿಗ್ಗೆ ಸೀತಾಲಕ್ಷ್ಮಮ್ಮನವರು ಮೆಟ್ಟಿಲ ಕೆಳಗೆ ನಿಂತು ಪಾಸ್ಟರನ್ನು ಕರೆದರು. "ಶನಿವಾರನೂ ನೀರು ಬರ್ಲಿಲ್ಲ, ಮಂಗಳವಾರನೂ ಇಲ್ಲ. ಟ್ಯಾಂಕು ತಳ ಕಾಣ್ತಿದೆ. ಬೀಗರ ಕಡೆಯೋರು ಎಷ್ಟು ಜನ ಬರ್ತಾರೋ. ಕೈ ತೊಳೆಯೋಕೆ ನೀರಿಲ್ಲ ಅಂದ್ರೆ ನನ್ನ ಮಾನ ಏನಾಗ್ಬೇಕು?"

"ಬಿಡಲ್ಲ ಅಮ್ಮ."

"ಬಿಟ್ಟರೆ ನನ್ನ ಹತ್ರ ಬರ್ಬೇಡಿ. ಸಾಮಾನು ಸಾಗಿಸೋಕೆ ಆಟೋದವನ ಹತ್ರ ಹೋಗಿ."

ಹತ್ತೂವರೆಗೆ ಬಿಳಿ ಸುಮೋ ಬಂತು. ಕರೆಪ್ಪನವರು ಇಳಿದರು. ಚಿನ್ನಪ್ಪನವರು 'ಬೇಡ' ಎನ್ನುವಷ್ಟರಲ್ಲಿ ಅತಿಥಿಗಳ ಹಿಂದೆಯೇ ಅವರ ಸ್ವಂತ ಕೀಬೋರ್ಡಿನವನೂ, ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳೂ ಇಳಿದವು. ಒಂದು ಸ್ಪೀಕರನ್ನು ತಂದು ಕಿಟಕಿಗೇ ಒತ್ತಿ ಇಟ್ಟರು. ಚಿನ್ನಪ್ಪನವರ ಎಡಗಿವಿಗೂ ಅಂಗಳದ ನಲ್ಲಿಗೂ ನಡುವೆ ಈಗ ಒಂದು ಗೋಡೆ. ಇನ್ನೂ ದೊಡ್ಡ ಗೋಡೆಯಾಗಿ ಕರೆಪ್ಪನವರು ತಾವೇ ನೀಲಿ ಪರದೆಗೆ ಬೆನ್ನು ಕೊಟ್ಟು, ಪೈಪಿನ ಮೂಲೆಯನ್ನು ತುಂಬಿ ನಿಂತು ಮೈಕ್ ಹಿಡಿದರು.

ಅವರು ತಮ್ಮ ಬಾಲ್ಯದಿಂದ ಶುರು ಮಾಡಿದರು. ಕೀಬೋರ್ಡು ಹಿಂದೆಯೇ ಗುಡುಗಿತು. ಕೆಳಗಿನಿಂದ ಹೋಳಿಗೆ ಬೇಯುವ ಘಮ ಎದ್ದು ಬಂದು ಉಪವಾಸದಲ್ಲಿದ್ದವರ ಮೂಗನ್ನು ಹಿಡಿದು ಎಳೆಯಿತು. ಸ್ತೋತ್ರದ ನಡುವೆ ಯಾರೋ ತುಪ್ಪ ಎಂದರು. ಚಿನ್ನಪ್ಪನವರಿಗೆ ಹೋಳಿಗೆಯೂ ಇಲ್ಲ, ಅಪೋಸ್ತಲರ ಬಾಲ್ಯವೂ ಇಲ್ಲ. ಹಾಲಿನ ಇನ್ನೊಂದು ತುದಿಯ ಸಣ್ಣ ಕಿಟಕಿಯಲ್ಲಿ ಎದುರುಮನೆಯ ಅಂಗಳ ಕಾಣುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಅಲ್ಲಿ ಬನಿಯನ್, ಪಂಚೆಯ ದಾಸಪ್ಪನವರು ಈಚೆ ಬಂದರು. ತಮ್ಮ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅದಕ್ಕೆ ಕಿವಿಯಿಟ್ಟರು. ಏನೂ ಇಲ್ಲವೆಂದು ಮೂಗಿನ ಕೂದಲು ಕೀಳುತ್ತ ಅಲ್ಲೇ ಕಾದರು. ಕರೆಪ್ಪನವರು ಹೈಸ್ಕೂಲಿಗೆ ಬಂದಿದ್ದರು. ದಾಸಪ್ಪನವರು ಮತ್ತೆ ಕಿವಿಯಿಟ್ಟರು. ಈ ಸಲ ಅವರ ಬೆನ್ನು ನೆಟ್ಟಗಾಯಿತು.

ಚಿನ್ನಪ್ಪನವರು ಎದ್ದು ಬಲಗೈ ಮೇಲೆತ್ತಿದರು.

ಸಭೆ ವರ್ಷಗಳ ಅಭ್ಯಾಸದಿಂದ ಗಪ್ಪನೆ ಸುಮ್ಮನಾಯಿತು. ಕರೆಪ್ಪನವರ ಕೀಬೋರ್ಡಿನವನಿಗೆ ಆ ಅಭ್ಯಾಸವಿರಲಿಲ್ಲ. ಅವನು ಬಾರಿಸುತ್ತಲೇ ಇದ್ದ. ದಾನಮ್ಮ ತುಟಿಗೆ ಬೆರಳಿಟ್ಟು ತೋರಿಸಿದರು, ಹುಬ್ಬು ಗಂಟಿಕ್ಕಿದರು, ಕೊನೆಗೆ ಎದ್ದು ಹೋಗಿ ಗೋಡೆಯ ಪ್ಲಗ್ಗನ್ನು ಕಿತ್ತರು. ಕೀಬೋರ್ಡು ಸತ್ತಿತು. ಸ್ಪೀಕರು ಸತ್ತಿತು. ಮೈಕ್ ಸತ್ತು, ಅಪೋಸ್ತಲರ ಬಾಯಿ ಒಂದು ಪದದ ಅರ್ಧದಲ್ಲಿ ತೆರೆದೇ ನಿಂತಿತು.

ಆ ಮೌನದಲ್ಲಿ ಕೆಳಗೆ ಬಳೆಗಳು ಕಿಣಿಗುಟ್ಟಿದ್ದು ಕೇಳಿಸಿತು. ಒಂದು ಲೋಟ ಉರುಳಿದ್ದು ಕೇಳಿಸಿತು. ಆಮೇಲೆ, ಸ್ಪೀಕರಿನ ಸಂದಿಯಿಂದ ನುಸುಳಿ, ಬಡ ದೂತನೊಬ್ಬನ ಹಾಗೆ ಸಣ್ಣಗೆ, ಸುಯ್.

ಆಚೆ ದಾಸಪ್ಪನವರು ಪಂಚೆ ಎತ್ತಿಕೊಂಡು ಮನೆಯೊಳಕ್ಕೆ ಓಡುತ್ತಿದ್ದರು.

ಚಿನ್ನಪ್ಪನವರು ಓಡಲಾರರು, ಎದುರಿಗೆ ಸಭೆ, ಆ ತುದಿಗೆ ಅಪೋಸ್ತಲರು. ದಾಪುಗಾಲು ಹಾಕುತ್ತ ಹೋಗಿ, "ಸ್ವಲ್ಪ ಸರೀರಿ ಸಾರ್," ಎಂದು ಪಿಸುಗುಟ್ಟಿದರು. ಕರೆಪ್ಪನವರು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆ ಕಣ್ಣುಗಳಲ್ಲಿ ಉರಿಯುತ್ತಿದ್ದ ಬೆಂಕಿಯನ್ನು ನೋಡಿ, ತಮ್ಮ ಗಳಿಗೆ ಬಂತೆಂದು ಅವರು ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಇನ್ನಷ್ಟು ಭದ್ರವಾಗಿ ಊರಿ ನಿಂತರು. ಬೇರೆ ದಾರಿಯಿರಲಿಲ್ಲ. ಚಿನ್ನಪ್ಪನವರು ಬಲಗೈಯನ್ನು ಅಪೋಸ್ತಲರ ಬಲಭುಜಕ್ಕೆ ಕೊಟ್ಟು ಒಂದೇ ಸಲಕ್ಕೆ ನೂಕಿದರು. ಕರೆಪ್ಪನವರು ಹೋಗಿ ಭುಜ ಸಮೇತ ಕಬ್ಬಿಣದ ಪೈಪಿಗೆ ಒರಗಿದರು. ಚಿನ್ನಪ್ಪನವರ ಎಡಗೈ ಪರದೆಯೊಳಗೆ ಹೋಯಿತು. ಸ್ವಿಚ್ಚು ಬಿತ್ತು.

ಗುಂಯ್.

ಪೈಪು ಕುಣಿಯಿತು. ಪೈಪಿನೊಡನೆ ಅಪೋಸ್ತಲರ ಕೋಟು, ಕೋಟಿನೊಳಗೆ ಭುಜ, ಭುಜದ ಮೇಲೆ ಕೆನ್ನೆ, ಎಲ್ಲ ತಾಳ ಹಾಕಿದವು. ಕರೆಪ್ಪನವರು "ಅಯ್ಯಪ್ಪ" ಎಂಬ, ಅವರ ಪದವಿಗೆ ಒಪ್ಪದ ಉದ್ಗಾರವೊಂದನ್ನು ತೆಗೆದು ಎರಡೂ ಕೈಗಳನ್ನು ಸೂರಿಗೆ ಎತ್ತಿದರು.

ಎರಡೂ ಕೈ. ಎರಡು ವರ್ಷದಿಂದ ಎದೆಯ ಮೇಲೆ ಏಳದಿದ್ದ ಬಲಗೈ ಈಗ ಫ್ಯಾನಿನ ರೆಕ್ಕೆಗೆ ತಾಗುವಷ್ಟು ಎತ್ತರದಲ್ಲಿತ್ತು. ಅವರು ಅದನ್ನು ಇಳಿಸಿದರು, ಮತ್ತೆ ಎತ್ತಿದರು, ಗಾಣದ ಎತ್ತಿನ ಹಾಗೆ ಸುತ್ತಲೂ ತಿರುಗಿಸಿದರು. ಇಡೀ ಹಾಲ್ ಹುಚ್ಚೆದ್ದು ಸ್ತೋತ್ರ ಹೇಳಿತು. ಆಚೆ ದಾಸಪ್ಪನವರ ಆನೆ ಬರೀ ಗಾಳಿ ಕುಡಿದು ನರಳುವುದು ಕೇಳಿಸಿತು. ಮೇಲೆ ತಾರಸಿಯ ಟ್ಯಾಂಕಿಗೆ ನೀರು ಧಡಧಡ ಬೀಳತೊಡಗಿತು. ಕೆಳಗಿನಿಂದ ಸೀತಾಲಕ್ಷ್ಮಮ್ಮನವರ ದನಿ, ಯಾರಿಗೋ ಕೈ ತೊಳೆಯಿರಿ ಬನ್ನಿ ಎಂದು ಕರೆಯುವುದು ತೇಲಿ ಬಂತು. ಚಿನ್ನಪ್ಪನವರು ಗೋಡೆಗೆ ಒರಗಿ ಬೆವರು ಒರೆಸಿಕೊಂಡರು. ಹಾಲ್ ಉಳಿಯಿತು.

ದಾನಮ್ಮ ಪ್ಲಗ್ಗನ್ನು ಮತ್ತೆ ಚುಚ್ಚಿದರು. ಮೈಕಿಗೆ ಜೀವ ಬಂತು. ಕರೆಪ್ಪನವರು ಕಣ್ಣೊರೆಸಿಕೊಂಡು, ಸರಿಹೋದ ಕೈಯನ್ನು ಚಿನ್ನಪ್ಪನವರ ಹೆಗಲ ಮೇಲೆ ಹಾಕಿ, ಸಭೆಗೆ ಕೇಳುವಂತೆ ಹೇಳಿದರು: "ಬ್ರದರ್, ನಾನು ದೇಶ ಎಲ್ಲ ಸುತ್ತಿದೀನಿ. ಇಂಥ ಕೈ ನೋಡಿಲ್ಲ. ನನ್ನ ಭುಜದ ವಿಷಯ ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರ್ಲಿಲ್ಲ. ಈಗ ನೀವು ಎಲ್ಲರ ಮುಂದೆ ಹೇಳ್ಬೇಕು. ಆ ಮೌನದಲ್ಲಿ ನಿಮಗೆ ಏನು ಕೇಳಿಸ್ತು? ದೇವರು ಏನು ಹೇಳಿ ನನ್ನ ಕಡೆ ಕಳಿಸಿದ್ರು?"

ಮೈಕು ಚಿನ್ನಪ್ಪನವರ ಬಾಯಿಯ ಮುಂದೆ ಬಂತು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಕೊನೆಗೂ ನೇರವಾಗಿ ಬಂದಿತ್ತು. ದಾನಮ್ಮ ಸಾಕ್ಷಿಗೆ ಸೇರಿಸಿಕೊಳ್ಳಲು ಕಿವಿ ನೆಟ್ಟಗೆ ಮಾಡಿದರು. ಹೆಂಗಸರ ಸಾಲಿನ ಕೊನೆಯಲ್ಲಿ ಸಲೋಮಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚಿನ್ನಪ್ಪನವರು ಒಮ್ಮೆ ಸೂರಿನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

"ದೇವರು ಏನೂ ಹೇಳ್ಲಿಲ್ಲ ಸಾರ್. ನಲ್ಲೀಲಿ ನೀರು ಬಂತು, ನೀವು ಮೋಟರ್ ಸ್ವಿಚ್ಚಿಗೆ ಅಡ್ಡ ನಿಂತಿದ್ರಿ."